ಮತಪಟ್ಟಿಯಿಂದ ಹಂದಿಮರಿಯವರೆಗೆ: ಫ್ಯಾನಿ ಲೂ ಹೇಮರ್ ಹೋರಾಡಿದ್ದು ಯಾವುದರ ವಿರುದ್ಧ?

ಬಣ್ಣದ ಕಾರಣಕ್ಕೆ ಯಾರ ಮತದ ಹಕ್ಕನ್ನೂ ಕಿತ್ತುಕೊಳ್ಳುವಂತಿಲ್ಲ ಎಂದು ಅಮೆರಿಕದ ಸಂವಿಧಾನಕ್ಕೆ 15ನೇ ತಿದ್ದುಪಡಿ ಬಂದದ್ದು 1870ರಲ್ಲಿ. ಹೆಂಗಸರಿಗೆ ದೇಶದಾದ್ಯಂತ ಮತ ಸಿಕ್ಕಿದ್ದು 1920ರಲ್ಲಿ. ಇಷ್ಟೆಲ್ಲ ಆಗಿ ಎಷ್ಟೋ ಕಾಲ ಕಳೆದ ಮೇಲೆ, 1962ರ ಆಗಸ್ಟ್‌ನಲ್ಲಿ, ಮಿಸಿಸಿಪ್ಪಿ ರಾಜ್ಯದ ರೂಲ್‌ವಿಲ್ ಎಂಬ ಸಣ್ಣ ಊರಿನ ಚರ್ಚಿನಲ್ಲಿ ಒಂದು ಸಭೆ ನಡೆಯಿತು. ಅಲ್ಲಿ ಕೂತಿದ್ದ 44 ವರ್ಷದ ಒಬ್ಬ ಹೆಂಗಸಿಗೆ, ಕಪ್ಪು ಜನರೂ ಮತದಾರರ ಪಟ್ಟಿಗೆ ಹೆಸರು ಸೇರಿಸಬಹುದು ಅನ್ನೋದು ಗೊತ್ತಾಗಿದ್ದೇ ಆವತ್ತು.

ಅವರ ಹೆಸರು ಫ್ಯಾನಿ ಲೂ ಹೇಮರ್. ಎರಡು ವರ್ಷದಲ್ಲಿ ಅವರ ಮಾತಿಗೆ ಅಮೆರಿಕದ ಅಧ್ಯಕ್ಷರೇ ಗಾಬರಿಯಾಗಿ, ಟಿವಿ ಕ್ಯಾಮೆರಾಗಳನ್ನು ತಮ್ಮ ಕಡೆ ತಿರುಗಿಸಿಕೊಳ್ಳಬೇಕಾಯಿತು. ಆದರೆ ಅದಕ್ಕಿಂತ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದಿದೆ. ಸಂವಿಧಾನದಲ್ಲೇ ಇರುವ ಹಕ್ಕನ್ನು ಒಂದು ರಾಜ್ಯ ದಶಕಗಟ್ಟಲೆ ಇಲ್ಲದ ಹಾಗೆ ಮಾಡಿದ್ದು ಹೇಗೆ? ಬರೀ ಪೊಲೀಸರಿಂದ, ಗುಂಡಿನಿಂದ ಅದು ಆಗಲಿಲ್ಲ. ಹಕ್ಕನ್ನು ಹೊಟ್ಟೆಪಾಡಿಗೆ ಕಟ್ಟಿಹಾಕಿದ್ದರು. ಆ ಗಂಟು ಎಲ್ಲಿತ್ತು ಅಂತ ಹೇಮರ್‌ಗೆ ಗೊತ್ತಿದ್ದಷ್ಟು ಸರಿಯಾಗಿ ಬಹಳ ಜನ ನಾಯಕರಿಗೆ ಗೊತ್ತಿರಲಿಲ್ಲ ಅಂತ ನನಗನ್ನಿಸುತ್ತದೆ.

ತಕ್ಕಡಿಯೂ ಅವರದೇ, ಲೆಕ್ಕದ ಪುಸ್ತಕವೂ ಅವರದೇ

ಹೇಮರ್ ಹುಟ್ಟಿದ್ದು 1917ರ ಅಕ್ಟೋಬರ್ 6ರಂದು. 20 ಮಕ್ಕಳಲ್ಲಿ ಇವರೇ ಕೊನೆಯವರು. ಮಗು ಎರಡು ವರ್ಷದ್ದಿದ್ದಾಗ ಸಂಸಾರ ಸನ್‌ಫ್ಲವರ್ ಕೌಂಟಿಗೆ, ಅಂದರೆ ಅಲ್ಲಿನ ಒಂದು ಜಿಲ್ಲೆಗೆ, ಬಂತು. ಮಿಸಿಸಿಪ್ಪಿ ಡೆಲ್ಟಾ ಅನ್ನುವ ಕಪ್ಪು ಮಣ್ಣಿನ, ಹತ್ತಿ ಬೆಳೆಯುವ ಸಪಾಟು ಸೀಮೆ ಅದು. ಜನಸಂಖ್ಯೆಯಲ್ಲಿ ಕಪ್ಪು ಜನರೇ ಜಾಸ್ತಿ. ಭೂಮಿ ಮಾತ್ರ ಹೆಚ್ಚುಕಮ್ಮಿ ಪೂರ್ತಿ ಬಿಳಿಯರದು.

ಅಪ್ಪ ಅಮ್ಮ ಪಾಲಿಗೆ ಬೇಸಾಯ ಮಾಡುತ್ತಿದ್ದರು. ಈ ಪದ್ಧತಿಯನ್ನು ಸ್ವಲ್ಪ ಬಿಡಿಸಿ ನೋಡಬೇಕು, ಯಾಕೆಂದರೆ ಮುಂದಿನದೆಲ್ಲ ನಿಂತಿರುವುದು ಇದರ ಮೇಲೆ. ಧಣಿ ಜಮೀನು ಕೊಡುತ್ತಾನೆ, ಇರಲು ಮನೆ ಕೊಡುತ್ತಾನೆ. ಬೀಜ, ಗೊಬ್ಬರ, ಮನೆಯ ರೇಷನ್ ಎಲ್ಲ ಅವನ ಅಂಗಡಿಯಿಂದಲೇ ಸಾಲವಾಗಿ ಬರುತ್ತದೆ. ವರ್ಷದ ಕೊನೆಗೆ ಹತ್ತಿಯಲ್ಲಿ ಅರ್ಧ ಅವನಿಗೆ. ಉಳಿದ ಅರ್ಧದಲ್ಲಿ ಸಾಲ ಮುರಿದುಕೊಂಡು ಮಿಕ್ಕಿದ್ದು ರೈತನಿಗೆ. ಎಷ್ಟೋ ಸಲ ಮಿಕ್ಕುತ್ತಿರಲಿಲ್ಲ. ಸಾಲವೇ ಮುಂದಿನ ವರ್ಷಕ್ಕೆ ದಾಟುತ್ತಿತ್ತು. ಲೆಕ್ಕ ಸರಿಯಿಲ್ಲ ಅಂತ ಬಾಯಿಬಿಟ್ಟರೆ ಮನೆಯೂ ಹೋಯಿತು, ಜಮೀನೂ ಹೋಯಿತು.

ಹೇಮರ್ ಈ ಬಲೆಗೆ ಬಿದ್ದದ್ದು ಆರನೇ ವಯಸ್ಸಿನಲ್ಲಿ. ರಸ್ತೆಬದಿಯಲ್ಲಿ ಆಡುತ್ತಿದ್ದ ಹುಡುಗಿಯ ಹತ್ತಿರ ಧಣಿ ಗಾಡಿ ನಿಲ್ಲಿಸಿದ. ಹತ್ತಿ ಬಿಡಿಸ್ತೀಯಾ ಅಂತ ಕೇಳಿದ. ವಾರದಲ್ಲಿ 30 ಪೌಂಡ್ ಬಿಡಿಸಿದರೆ ತನ್ನ ಅಂಗಡಿಯಿಂದ ತಿಂಡಿ ಕೊಡಿಸುತ್ತೇನೆ ಅಂದ. ಡಬ್ಬಿಯ ಸಾರ್ಡಿನ್ ಮೀನು, ಶುಂಠಿ ಬಿಸ್ಕತ್ತು, ಸಿಹಿ ಪಾಪ್‌ಕಾರ್ನ್. ಅವರ ಮನೆಯಲ್ಲಿ ಯಾವತ್ತೂ ಕಾಣದ ತಿಂಡಿಗಳು. ಹುಡುಗಿ ಆ ವಾರ 30 ಪೌಂಡ್ ಬಿಡಿಸಿದಳು, ತಿಂಡಿಯೂ ಸಿಕ್ಕಿತು. ಮುಂದಿನ ಸಲ 60 ಪೌಂಡ್ ಬಿಡಿಸಬೇಕು ಅಂದರು. ಹದಿಮೂರು ವರ್ಷಕ್ಕೆ ಬರುವ ಹೊತ್ತಿಗೆ ದಿನಕ್ಕೇ 200 ಪೌಂಡ್‌ಗಿಂತ ಜಾಸ್ತಿ ಬಿಡಿಸುತ್ತಿದ್ದಳು. ಅದು ಸುಮಾರು 90 ಕಿಲೋ. ಪೋಲಿಯೋ ಬಂದು ಕಾಲು ಕುಂಟುತ್ತಿತ್ತು. ಹನ್ನೆರಡರ ಆಸುಪಾಸಿನಲ್ಲೇ ಶಾಲೆ ನಿಂತುಹೋಯಿತು.

ಒಂದು ಸಲ ಅಪ್ಪ ಹೇಗೋ ದುಡ್ಡು ಕೂಡಿಹಾಕಿ ಸ್ವಂತ ಹೇಸರಗತ್ತೆಗಳನ್ನು ಕೊಂಡರು. ಇನ್ನೇನು ತಲೆ ಎತ್ತಬಹುದು ಅನ್ನುವಷ್ಟರಲ್ಲಿ ಯಾರೋ ಬಿಳಿಯ ರಾತ್ರಿ ಬಂದು ಮೇವಿಗೆ ವಿಷ ಬೆರೆಸಿದ. ಪ್ರಾಣಿಗಳು ಸತ್ತವು. ಸಂಸಾರ ಮತ್ತೆ ಪಾಲಿನ ಬೇಸಾಯಕ್ಕೇ ಬಂತು. ಬಡತನ ಅಲ್ಲಿ ತಾನಾಗಿ ಉಳಿದದ್ದಲ್ಲ, ಯಾರೂ ಮೇಲೆ ಬರದಂತೆ ಕಾದು ನೋಡಿಕೊಳ್ಳುತ್ತಿದ್ದರು.

1940ರ ದಶಕದಲ್ಲಿ ಪೆರಿ ಹೇಮರ್ ಜೊತೆ ಮದುವೆಯಾಗಿ ರೂಲ್‌ವಿಲ್ ಹತ್ತಿರದ ಇನ್ನೊಂದು ಪ್ಲಾಂಟೇಶನ್‌ಗೆ ಬಂದರು. ಓದು ಬರಹ ಬರುತ್ತಿದ್ದುದರಿಂದ ಅಲ್ಲಿ ಇವರಿಗೆ ಲೆಕ್ಕ ಬರೆಯುವ ಕೆಲಸ ಸಿಕ್ಕಿತು. ಯಾರು ಎಷ್ಟು ಹೊತ್ತು ದುಡಿದರು, ಎಷ್ಟು ತೂಕ ಬಿಡಿಸಿದರು ಅಂತ ಬರೆಯಬೇಕು. ಧಣಿಯ ತಕ್ಕಡಿಯ ಕಲ್ಲು ಮೋಸದ್ದು. ಹೇಮರ್ ಏನು ಮಾಡುತ್ತಿದ್ದರು ಗೊತ್ತಾ? ಸರಿಯಾದ ಇನ್ನೊಂದು ತೂಕದ ಕಲ್ಲನ್ನು ತಾವೇ ಹೊಲಕ್ಕೆ ತರುತ್ತಿದ್ದರು. ಧಣಿ ಕಣ್ಣಿಗೆ ಬೀಳುವವರೆಗೆ ಅದರಲ್ಲೇ ತೂಗುತ್ತಿದ್ದರು. ಅವನು ಬರುವುದು ಕಂಡ ತಕ್ಷಣ ಕಲ್ಲು ಬದಲು. ಚಳವಳಿ ಅನ್ನೋ ಮಾತು ಕಿವಿಗೆ ಬೀಳುವ ಎಷ್ಟೋ ಮೊದಲೇ ನಡೆಸಿದ ಚಳವಳಿ ಇದು.

1961ರಲ್ಲಿ ಗರ್ಭಕೋಶದ ಗಡ್ಡೆ ತೆಗೆಸಿಕೊಳ್ಳಲು ಆಸ್ಪತ್ರೆಗೆ ಹೋದರು. ಡಾಕ್ಟರು ಅವರನ್ನು ಕೇಳದೆ, ಹೇಳದೆ ಗರ್ಭಕೋಶವನ್ನೇ ತೆಗೆದುಹಾಕಿದರು. ಬಡ ಕಪ್ಪು ಹೆಂಗಸರಿಗೆ ಹೀಗೆ ಮಾಡುವುದು ಆ ರಾಜ್ಯದಲ್ಲಿ ಎಷ್ಟು ಮಾಮೂಲಾಗಿತ್ತೆಂದರೆ, ಮುಂದೆ ಹೇಮರ್ ಇದನ್ನು ‘ಮಿಸಿಸಿಪ್ಪಿಯ ಅಪೆಂಡಿಕ್ಸ್ ಆಪರೇಷನ್’ ಅಂತಲೇ ಕರೆದರು. ಗಂಡ ಹೆಂಡತಿ ಇಬ್ಬರು ಹೆಣ್ಣುಮಕ್ಕಳನ್ನು ದತ್ತು ತೆಗೆದುಕೊಂಡು ಸಾಕಿದರು.

ಬಸ್ಸಿನ ಹಳದಿ ಬಣ್ಣ ಜಾಸ್ತಿಯಾಯಿತಂತೆ

ರೂಲ್‌ವಿಲ್ ಚರ್ಚಿನ ಸಭೆ ನಡೆಸಿದವರು ವಿದ್ಯಾರ್ಥಿ ಸಂಘಟನೆಯಾದ ಎಸ್‌ಎನ್‌ಸಿಸಿಯ ಹುಡುಗರು ಮತ್ತು ಮಾರ್ಟಿನ್ ಲೂಥರ್ ಕಿಂಗ್ ಜೊತೆಗಾರರು. ಹೆಸರು ಸೇರಿಸಲು ಯಾರು ಬರುತ್ತೀರಿ ಅಂತ ಕೇಳಿದಾಗ ಹೇಮರ್ ಕೈ ಎತ್ತಿದರು. ಹೆದರಿಕೆ ಆಗಲಿಲ್ಲವಾ ಅಂತ ಮುಂದೆ ಯಾರೋ ಕೇಳಿದಾಗ ಅವರು ಕೊಟ್ಟ ಉತ್ತರ ಇದು: ಅವರು ನನಗೆ ಮಾಡಬಹುದಾಗಿದ್ದು ಕೊಲ್ಲೋದೊಂದೇ, ಅದನ್ನಂತೂ ನನಗೆ ಬುದ್ಧಿ ತಿಳಿದಾಗಿನಿಂದ ಒಂಚೂರು ಒಂಚೂರಾಗಿ ಮಾಡ್ತಾನೇ ಬಂದಿದ್ರು.

1962ರ ಆಗಸ್ಟ್ 31. ಹೊಲಕ್ಕೆ ಕೂಲಿಯವರನ್ನು ಸಾಗಿಸುತ್ತಿದ್ದ ಹಳೇ ಬಸ್ಸಿನಲ್ಲಿ 18 ಜನ 26 ಮೈಲಿ ದೂರದ ಇಂಡಿಯಾನೋಲಾಕ್ಕೆ ಹೊರಟರು. ಕೌಂಟಿಯ ಕೋರ್ಟು ಇದ್ದದ್ದು ಅಲ್ಲಿ. ಅಲ್ಲಿ ಎದುರಾದ ಪರೀಕ್ಷೆ ಹೇಗಿತ್ತು ಅಂತ ನೋಡಿ.

ಮೊದಲು 21 ಪ್ರಶ್ನೆಗಳ ಅರ್ಜಿ. ಹೆಸರು, ವಿಳಾಸ ಸರಿ. ಜೊತೆಗೆ, ನೀವು ಯಾರ ಹತ್ತಿರ ಕೆಲಸ ಮಾಡುತ್ತೀರಿ? ಮತ ಹಾಕುವುದಕ್ಕೂ ಇದಕ್ಕೂ ಏನು ಸಂಬಂಧ ಅಂತ ಅನ್ನಿಸಬಹುದು. ನೀವು ಮನೆ ಮುಟ್ಟುವ ಮೊದಲೇ ಸುದ್ದಿ ಧಣಿಗೆ ಮುಟ್ಟಬೇಕಲ್ಲ, ಅದಕ್ಕೆ. ಆಮೇಲೆ ಗುಮಾಸ್ತ ಮಿಸಿಸಿಪ್ಪಿ ಸಂವಿಧಾನದ 285 ವಿಧಿಗಳಲ್ಲಿ ಒಂದನ್ನು ತೋರಿಸುತ್ತಾನೆ. ಅದನ್ನು ನೋಡಿ ಬರೆಯಬೇಕು, ಅರ್ಥವನ್ನೂ ವಿವರಿಸಬೇಕು. ಉತ್ತರ ಸರಿಯೋ ತಪ್ಪೋ ಅಂತ ಹೇಳುವವನು ಅದೇ ಗುಮಾಸ್ತ. ಬಿಳಿಯನಿಗೆ ಒಂದೇ ಸಾಲಿನ ಸುಲಭ ವಿಧಿ, ಕಪ್ಪು ಶಿಕ್ಷಕನಿಗೆ ವಕೀಲರೂ ತಡಕಾಡುವ ವಿಧಿ ಕೊಡಬಹುದು. ಎಲ್ಲೂ ‘ಕಪ್ಪು’ ಅನ್ನುವ ಪದವೇ ಇಲ್ಲ. 1890ರಲ್ಲಿ ಆ ರಾಜ್ಯ ಹೊಸ ಸಂವಿಧಾನ ಬರೆದುಕೊಂಡಾಗ ಹೂಡಿದ ಜಾಣತನ ಇದೇ. 15ನೇ ತಿದ್ದುಪಡಿಯ ಒಂದಕ್ಷರವನ್ನೂ ಮುರಿಯದೆ ಅದನ್ನು ಸತ್ತ ಕಾಗದ ಮಾಡಿದರು.

ಹೇಮರ್‌ಗೆ ಸಿಕ್ಕಿದ್ದು, ನಡೆದುಹೋದ ಕೆಲಸಕ್ಕೆ ಆಮೇಲೆ ಕಾನೂನು ತಂದು ಶಿಕ್ಷೆ ಕೊಡುವುದರ ಬಗ್ಗೆ ಇದ್ದ ಒಂದು ವಿಧಿ. ಕ್ರಿಸ್‌ಮಸ್ ಬಗ್ಗೆ ಕುದುರೆಗೆ ಎಷ್ಟು ಗೊತ್ತಿರುತ್ತದೋ ಆ ಕಾನೂನಿನ ಬಗ್ಗೆ ನನಗೂ ಅಷ್ಟೇ ಗೊತ್ತಿತ್ತು ಅಂತ ಅವರು ನಗುತ್ತ ಹೇಳುತ್ತಿದ್ದರು. ಫೇಲಾದರು.

ವಾಪಸು ಬರುವಾಗ ಪೊಲೀಸರು ಬಸ್ಸು ನಿಲ್ಲಿಸಿ ಡ್ರೈವರ್‌ಗೆ ದಂಡ ಹಾಕಿದರು. ಕಾರಣ, ಬಸ್ಸಿನ ಬಣ್ಣ ಸರಿಯಿಲ್ಲ, ಅದು ತೀರಾ ಹಳದಿ. ಇದು ಹಾಸ್ಯವಲ್ಲ, ನಿಜವಾಗಿ ಹಾಕಿದ ದಂಡ. 100 ಡಾಲರ್ ಕೇಳಿ ಕೊನೆಗೆ 30ಕ್ಕೆ ಇಳಿಸಿದರು. ಬಸ್ಸಿನಲ್ಲಿದ್ದವರೇ ಜೇಬು ತಡಕಿ ಒಟ್ಟು ಮಾಡಿ ಕಟ್ಟಿದರು. ಆ ಭಯದ ಹೊತ್ತಿನಲ್ಲಿ ಹೇಮರ್ ಚರ್ಚಿನ ಹಾಡು ಎತ್ತಿಕೊಂಡರು. ಅವರ ಗಟ್ಟಿ ದನಿ ಎಂಥದ್ದು ಅಂತ ಚಳವಳಿಯ ಹುಡುಗರಿಗೆ ಗೊತ್ತಾಗಿದ್ದು ಆ ಬಸ್ಸಿನಲ್ಲಿ.

ಮನೆಗೆ ಬರುವಷ್ಟರಲ್ಲಿ ಧಣಿಗೆ ಸುದ್ದಿ ಮುಟ್ಟಿತ್ತು. ಅರ್ಜಿ ವಾಪಸು ತಗೋ, ಇಲ್ಲದಿದ್ದರೆ ಜಾಗ ಖಾಲಿ ಮಾಡು ಅಂದ. ‘ನಾನು ನಿಮಗೋಸ್ಕರ ಹೆಸರು ಸೇರಿಸೋಕೆ ಹೋಗಿರಲಿಲ್ಲ. ನನಗೋಸ್ಕರ ಹೋಗಿದ್ದೆ’ ಅಂದರು ಹೇಮರ್. 18 ವರ್ಷ ದುಡಿದ ಜಾಗವನ್ನು ಅದೇ ರಾತ್ರಿ ಬಿಟ್ಟರು. ಗಂಡ ಹತ್ತಿ ಬಿಡಿಸುವುದು ಮುಗಿಯುವ ತನಕ ಅಲ್ಲೇ ಇರಬೇಕಾಯಿತು. ಸೆಪ್ಟೆಂಬರ್ 10ರ ರಾತ್ರಿ, ಹೇಮರ್ ಆಶ್ರಯ ಪಡೆದಿದ್ದ ಸ್ನೇಹಿತರ ಮನೆಗೆ 16 ಗುಂಡು ಹಾರಿದವು. ಆವತ್ತು ಅವರು ಅಲ್ಲಿರಲಿಲ್ಲ.

ಗುಂಡಿನ ಸುದ್ದಿ ಎಲ್ಲರ ಗಮನಕ್ಕೂ ಬರುತ್ತದೆ. ನನಗೆ ಅದಕ್ಕಿಂತ ಭಯಂಕರ ಅನ್ನಿಸುವುದು ಸದ್ದಿಲ್ಲದ ಏರ್ಪಾಡುಗಳು. ಹೆಸರು ಸೇರಿಸಲು ಅರ್ಜಿ ಹಾಕಿದವರ ಹೆಸರನ್ನು ಎರಡು ವಾರ ಸ್ಥಳೀಯ ಪತ್ರಿಕೆಯಲ್ಲಿ ಅಚ್ಚು ಮಾಡಬೇಕು ಅಂತ 1962ರಲ್ಲಿ ಮಿಸಿಸಿಪ್ಪಿ ಕಾನೂನನ್ನೇ ತಂದಿತು. ಕೇಳಲು ಪಾರದರ್ಶಕತೆ ಅನ್ನಿಸುತ್ತದೆ, ಅಲ್ವಾ? ಪತ್ರಿಕೆ ಓದುವವರು ಯಾರು? ಧಣಿ, ಬ್ಯಾಂಕಿನವನು, ಅಂಗಡಿಯವನು, ಬಾಡಿಗೆ ಮನೆಯವನು. ಈ ಪೇಟೆಯ ದೊಡ್ಡ ಮನುಷ್ಯರೇ ಸೇರಿ ಕಟ್ಟಿಕೊಂಡ ವೈಟ್ ಸಿಟಿಜನ್ಸ್ ಕೌನ್ಸಿಲ್ ಮೊದಲು ಶುರುವಾಗಿದ್ದು 1954ರಲ್ಲಿ, ಇದೇ ಇಂಡಿಯಾನೋಲಾದಲ್ಲಿ. ಅವರು ಮುಖವಾಡ ಹಾಕುತ್ತಿರಲಿಲ್ಲ, ಕೊಡಲಿ ಹಿಡಿಯುತ್ತಿರಲಿಲ್ಲ. ಸಾಲ ವಾಪಸು ಕೇಳುತ್ತಿದ್ದರು, ಕೆಲಸದಿಂದ ತೆಗೆಯುತ್ತಿದ್ದರು. 1962ರ ಚಳಿಗಾಲದಲ್ಲಿ ಪಕ್ಕದ ಲೆಫ್ಲೋರ್ ಕೌಂಟಿಯ ಆಡಳಿತ, ಕೇಂದ್ರ ಸರ್ಕಾರ ಬಡವರಿಗೆ ಕೊಡುತ್ತಿದ್ದ ಪುಕ್ಕಟೆ ಹಿಟ್ಟು, ಅಕ್ಕಿ, ಬೀನ್ಸ್ ಹಂಚುವುದನ್ನೇ ನಿಲ್ಲಿಸಿತು. ಹೆಸರು ಸೇರಿಸುವ ಚಳವಳಿ ಅಲ್ಲಿ ಜೋರಾಗಿತ್ತು. ಕಾರಣ ಅಷ್ಟೇ.

ಹೇಮರ್ ಡಿಸೆಂಬರ್ 4ರಂದು ಮತ್ತೆ ಪರೀಕ್ಷೆಗೆ ಕೂತರು. ಪಾಸಾಗುವ ತನಕ 30 ದಿನಕ್ಕೊಂದು ಸಲ ನನ್ನ ಮುಖ ನೋಡಬೇಕಾಗುತ್ತದೆ ಅಂತ ಗುಮಾಸ್ತನಿಗೆ ಹೇಳಿ ಬಂದರು. ಹೊರಹಾಕಿಯಾಗಿತ್ತು, ಇನ್ನು ಕಳೆದುಕೊಳ್ಳಲು ಕೆಲಸವೂ ಇರಲಿಲ್ಲ, ಮನೆಯೂ ಇರಲಿಲ್ಲ. 1963ರ ಜನವರಿಯಲ್ಲಿ ಪಾಸಾದರು. ಆದರೂ ಮತ ಹಾಕಲು ಹೋದಾಗ ಬಿಡಲಿಲ್ಲ. ಮತ ಹಾಕಬೇಕಾದರೆ ಕಟ್ಟಬೇಕಿದ್ದ ತಲೆಗಂದಾಯದ ಎರಡು ವರ್ಷದ ರಸೀದಿ ತೋರಿಸು ಅಂದರು. ಒಂದು ಬಾಗಿಲು ತೆರೆದರೆ ಒಳಗೆ ಇನ್ನೊಂದು ಬೀಗ.

ವೈನೋನಾದ ಜೈಲು

1963ರ ಜೂನ್ 9ರಂದು ಹೇಮರ್ ಮತ್ತು ಸಂಗಾತಿಗಳು ದಕ್ಷಿಣ ಕೆರೊಲಿನಾದಲ್ಲಿ ತರಬೇತಿ ಮುಗಿಸಿ ಬಸ್ಸಿನಲ್ಲಿ ಬರುತ್ತಿದ್ದರು. ವೈನೋನಾ ಎಂಬ ಊರಿನ ಬಸ್‌ಸ್ಟ್ಯಾಂಡಿನಲ್ಲಿ ಕೆಲವರು ಬಿಳಿಯರಿಗೆ ಮೀಸಲಾದ ಕಡೆ ಕೂತರು. ಅಂಥ ಮೀಸಲು ಕಾನೂನುಬಾಹಿರ ಅಂತ ಅಷ್ಟೊತ್ತಿಗೆ ತೀರ್ಮಾನವಾಗಿತ್ತು. ಆದರೂ ಪೊಲೀಸರು ಎಲ್ಲರನ್ನೂ ಹಿಡಿದರು. ಹೇಮರ್ ಬಸ್ಸಿನಲ್ಲೇ ಕೂತಿದ್ದವರು, ಏನಾಯಿತು ಅಂತ ಕೇಳಲು ಇಳಿದರು. ಅವರನ್ನೂ ಎಳೆದುಕೊಂಡು ಹೋದರು.

ಜೈಲಿನಲ್ಲಿ ಪೊಲೀಸರು ಬರೀ ತಾವೇ ಕೈ ಮಾಡಲಿಲ್ಲ. ಇಬ್ಬರು ಕಪ್ಪು ಕೈದಿಗಳ ಕೈಗೆ ಸೀಸ ತುಂಬಿದ ಚರ್ಮದ ಕೋಲು ಕೊಟ್ಟು ಹೊಡೆಯಿರಿ ಅಂದರು. ಹೇಮರ್‌ರನ್ನು ಮಂಚದ ಮೇಲೆ ಬೋರಲು ಮಲಗಿಸಿದರು. ಮೊದಲನೆಯವನು ಸುಸ್ತಾಗುವ ತನಕ ಹೊಡೆದ. ಆಮೇಲೆ ಎರಡನೆಯವನು. ಪೋಲಿಯೋ ಬಂದ ಎಡಭಾಗಕ್ಕೆ ಏಟು ಬೀಳದಿರಲಿ ಅಂತ ಅವರು ಕೈ ಹಿಂದಕ್ಕೆ ಅಡ್ಡ ಹಿಡಿದಿದ್ದರು. ಮೇಲೆ ಸರಿದ ಬಟ್ಟೆಯನ್ನು ಕೆಳಗೆಳೆದುಕೊಂಡರೆ ಒಬ್ಬ ಅದನ್ನು ಮತ್ತೆ ಮೇಲಕ್ಕೆಳೆದ. ಮೂತ್ರಪಿಂಡಕ್ಕೆ, ಕಣ್ಣಿಗೆ ಆದ ಪೆಟ್ಟು ಸಾಯುವ ತನಕ ವಾಸಿಯಾಗಲಿಲ್ಲ. ಹೇಮರ್ ಜೈಲಿನಲ್ಲಿರುವಾಗಲೇ, ಜೂನ್ 12ರ ಬೆಳಗಿನ ಜಾವ, ಮಿಸಿಸಿಪ್ಪಿಯ ದೊಡ್ಡ ಹಕ್ಕು ಹೋರಾಟಗಾರ ಮೆಡ್ಗರ್ ಎವರ್ಸ್ ಅವರನ್ನು ಜ್ಯಾಕ್ಸನ್‌ನಲ್ಲಿ ಅವರ ಮನೆ ಮುಂದೆಯೇ ಗುಂಡಿಟ್ಟು ಕೊಂದರು. ಕೇಂದ್ರ ಸರ್ಕಾರ ವೈನೋನಾದ ಪೊಲೀಸರ ಮೇಲೆ ಕೇಸು ಹಾಕಿತು. ಬರೀ ಬಿಳಿಯರಿದ್ದ ಜ್ಯೂರಿ ಎಲ್ಲರನ್ನೂ ಬಿಟ್ಟುಬಿಟ್ಟಿತು.

ಎಂಟು ನಿಮಿಷದ ಮಾತು

ಆ ಕಾಲದ ಪಕ್ಷ ರಾಜಕೀಯ ಇವತ್ತಿನದಕ್ಕೆ ತದ್ವಿರುದ್ಧ. ದಕ್ಷಿಣದ ರಾಜ್ಯಗಳಲ್ಲಿ ಡೆಮಾಕ್ರಾಟಿಕ್ ಪಕ್ಷ ಅಂದರೆ ಬಿಳಿಯರ ಪಕ್ಷ. ಬೇರೆ ಪಕ್ಷಕ್ಕೆ ಅಲ್ಲಿ ನೆಲೆಯೇ ಇರಲಿಲ್ಲ. ಆ ಪಕ್ಷದ ಒಳಗೆ ಅಭ್ಯರ್ಥಿಯನ್ನು ಆರಿಸುವ ಚುನಾವಣೆಯೇ ನಿಜವಾದ ಚುನಾವಣೆ. ಅದರೊಳಗೆ ಕಪ್ಪು ಜನರಿಗೆ ಪ್ರವೇಶವಿಲ್ಲ. ವಿಚಿತ್ರ ಅಂದರೆ, ಅದೇ ಪಕ್ಷದ ಅಧ್ಯಕ್ಷ ಲಿಂಡನ್ ಜಾನ್ಸನ್ 1964ರ ಜುಲೈನಲ್ಲಿ ನಾಗರಿಕ ಹಕ್ಕುಗಳ ಕಾನೂನಿಗೆ ಸಹಿ ಹಾಕಿದ್ದರು.

ಹೇಮರ್ ಮತ್ತು ಸಂಗಾತಿಗಳು ಒಂದು ಉಪಾಯ ಮಾಡಿದರು. ನಿಮ್ಮ ಪಕ್ಷ ನಮ್ಮನ್ನು ಸೇರಿಸಿಕೊಳ್ಳದಿದ್ದರೆ, ಎಲ್ಲರಿಗೂ ತೆರೆದ ಇನ್ನೊಂದು ಡೆಮಾಕ್ರಾಟಿಕ್ ಪಕ್ಷವನ್ನು ನಾವೇ ಕಟ್ಟುತ್ತೇವೆ ಅಂದರು. 1964ರ ಏಪ್ರಿಲ್‌ನಲ್ಲಿ ಮಿಸಿಸಿಪ್ಪಿ ಫ್ರೀಡಂ ಡೆಮಾಕ್ರಾಟಿಕ್ ಪಾರ್ಟಿ ಹುಟ್ಟಿತು. ಅದೇ ಬೇಸಿಗೆಯಲ್ಲಿ ಉತ್ತರದಿಂದ ನೂರಾರು ಕಾಲೇಜು ಹುಡುಗ ಹುಡುಗಿಯರು ಸಹಾಯಕ್ಕೆ ಬಂದರು. ಜೂನ್ 21ರಂದು ಚೇನಿ, ಗುಡ್‌ಮನ್, ಶ್ವರ್ನರ್ ಎಂಬ ಮೂವರು ಕಾರ್ಯಕರ್ತರ ಕೊಲೆಯಾಯಿತು. ಹೊಸ ಪಕ್ಷ ನಿಯಮದ ಪ್ರಕಾರ ಸಭೆ ನಡೆಸಿ, 68 ಪ್ರತಿನಿಧಿಗಳನ್ನು ಆರಿಸಿ, ಆಗಸ್ಟ್‌ನಲ್ಲಿ ಅಟ್ಲಾಂಟಿಕ್ ಸಿಟಿಯಲ್ಲಿ ಡೆಮಾಕ್ರಾಟಿಕ್ ಪಕ್ಷ ತನ್ನ ಅಧ್ಯಕ್ಷ ಅಭ್ಯರ್ಥಿಯನ್ನು ಆರಿಸುವ ರಾಷ್ಟ್ರೀಯ ಸಮಾವೇಶಕ್ಕೆ ಕಳಿಸಿತು. ಬಿಳಿಯರ ನಿಯೋಗದ ಕುರ್ಚಿಗಳು ನಮಗೆ ಸೇರಬೇಕು ಅಂತ ಹಕ್ಕು ಹೂಡಿತು.

ಆಗಸ್ಟ್ 22ರಂದು, ಕುರ್ಚಿ ಯಾರಿಗೆ ಅಂತ ತೀರ್ಮಾನಿಸುವ ಸಮಿತಿಯ ಎದುರು ಹೇಮರ್ ಸುಮಾರು ಎಂಟು ನಿಮಿಷ ಮಾತಾಡಿದರು. ಕೈಯಲ್ಲಿ ಚೀಟಿಯಿಲ್ಲ. ಬಸ್ಸು, ಧಣಿ, 16 ಗುಂಡು, ವೈನೋನಾದ ಮಂಚ, ನಡೆದದ್ದನ್ನು ನಡೆದ ಹಾಗೆ ಹೇಳಿದರು. ಟಿವಿ ನೇರ ಪ್ರಸಾರವಿತ್ತು. ಮಾತು ಮುಗಿಯುವ ಮೊದಲೇ ಜಾನ್ಸನ್ ವಾಷಿಂಗ್ಟನ್‌ನಲ್ಲಿ ತರಾತುರಿಯಾಗಿ ಕ್ಯಾಮೆರಾ ಮುಂದೆ ಬಂದರು. ಚಾನೆಲ್‌ಗಳು ಅತ್ತ ಹೊರಳಿದವು. ಅಂಥ ಘೋಷಣೆಯೇನೂ ಇರಲಿಲ್ಲ, ಸುಮ್ನೆ ಹೊತ್ತು ಕಳೆದರು. ಆದರೆ ಉಪಾಯ ತಿರುಗುಬಾಣವಾಯಿತು. ಸಂಜೆಯ ಸುದ್ದಿಯಲ್ಲಿ ಚಾನೆಲ್‌ಗಳು ಹೇಮರ್ ಮಾತನ್ನೇ ಹಾಕಿದವು. ಹಗಲಿನಲ್ಲಿ ಟಿವಿ ಮುಂದೆ ಇರದವರೂ ಆಗ ಕೇಳಿದರು. ‘ಮನುಷ್ಯರ ಹಾಗೆ ಬದುಕಬೇಕು ಅಂದಿದ್ದಕ್ಕೆ ಪ್ರಾಣ ಬೆದರಿಕೆ ಬರುತ್ತೆ, ಟೆಲಿಫೋನ್ ಎತ್ತಿಟ್ಟು ಮಲಗಬೇಕು. ಇದೇನಾ ಅಮೆರಿಕ?’ ಅಂತ ಅವರು ಕೇಳಿದ್ದರು.

ಜಾನ್ಸನ್ ಲೆಕ್ಕಾಚಾರ ಸರಳ. ಬಿಳಿಯರ ನಿಯೋಗವನ್ನು ಹೊರಹಾಕಿದರೆ ದಕ್ಷಿಣ ಕೈತಪ್ಪುತ್ತದೆ. ಅದಕ್ಕೆ ಒಂದು ರಾಜಿ ಸೂತ್ರ ಬಂತು. 68 ಜನರಿಗೆ ಎರಡು ಸೀಟು, ಆ ಇಬ್ಬರು ಯಾರು ಅಂತಲೂ ದೊಡ್ಡವರೇ ಆರಿಸುತ್ತಾರೆ. ಬೇಯಾರ್ಡ್ ರಸ್ಟಿನ್‌ರಂಥ ಅನುಭವಿ ಹೋರಾಟಗಾರರೂ ಒಪ್ಪಿಕೊಳ್ಳಿ ಅಂದರು. ರಾಜಕೀಯ ಅಂದರೆ ಸಿಕ್ಕಷ್ಟು ತಗೊಂಡು ಮುಂದೆ ಹೋಗೋದು ಅನ್ನುವುದು ಅವರ ವಾದ. ಅದನ್ನು ತಳ್ಳಿಹಾಕುವುದು ಸುಲಭವಲ್ಲ. ಹೇಮರ್ ಮಾತ್ರ, ಬರೀ ಎರಡು ಸೀಟಿಗಾಗಿ ನಾವು ಇಷ್ಟು ದೂರ ಬರಲಿಲ್ಲ ಅಂದುಬಿಟ್ಟರು. ನಿಯೋಗ ರಾಜಿಯನ್ನು ತಿರಸ್ಕರಿಸಿತು. ತಮಾಷೆ ನೋಡಿ, ಆ ಎರಡು ಸೀಟನ್ನೂ ಸಹಿಸದೆ ಮಿಸಿಸಿಪ್ಪಿಯ ಬಿಳಿಯ ನಿಯೋಗದ ಹೆಚ್ಚಿನವರು ಎದ್ದುಹೋದರು. ನವೆಂಬರ್‌ನಲ್ಲಿ ಆ ರಾಜ್ಯ ಜಾನ್ಸನ್ ಎದುರಾಳಿ ಬ್ಯಾರಿ ಗೋಲ್ಡ್‌ವಾಟರ್‌ಗೆ ಶೇ 87ರಷ್ಟು ಮತ ಕೊಟ್ಟಿತು. ಯಾರನ್ನು ಉಳಿಸಿಕೊಳ್ಳಲು ರಾಜಿ ಮಾಡಿದರೋ ಅವರೇ ಕೈಕೊಟ್ಟರು. ಪಕ್ಷ ಆಮೇಲೆ ನಿಯಮ ಬದಲಿಸಿತು. 1968ರ ಷಿಕಾಗೋ ಸಮಾವೇಶದಲ್ಲಿ ಹೇಮರ್ ಅಧಿಕೃತ ಪ್ರತಿನಿಧಿಯಾಗಿ ಕೂತರು.

1965ರ ಕಾನೂನು ಯಾಕೆ ಕೆಲಸ ಮಾಡಿತು

ಮತದ ಹಕ್ಕಿಗೆ ಕಾನೂನುಗಳು 1957ರಲ್ಲೂ 1960ರಲ್ಲೂ ಬಂದಿದ್ದವು. ಅವು ಸೋತವು. ಯಾಕೆಂದರೆ ಅನ್ಯಾಯ ಆದ ಮೇಲೆ, ಒಂದೊಂದು ಕೌಂಟಿಯ ಮೇಲೂ ಬೇರೆ ಬೇರೆ ಕೇಸು ಹಾಕಿ, ವರ್ಷಗಟ್ಟಲೆ ಅಲೆಯಬೇಕಿತ್ತು. ಒಂದು ಅಡ್ಡಿ ಕೋರ್ಟಿನಲ್ಲಿ ಬಿದ್ದುಹೋದರೆ ರಾಜ್ಯ ಇನ್ನೊಂದನ್ನು ಕಟ್ಟುತ್ತಿತ್ತು.

1965ರ ಆಗಸ್ಟ್ 6ರಂದು ಸಹಿಯಾದ ಮತದ ಹಕ್ಕಿನ ಕಾನೂನು ಇದನ್ನು ತಲೆಕೆಳಗು ಮಾಡಿತು. ತಾರತಮ್ಯದ ಇತಿಹಾಸವಿರುವ ಜಾಗಗಳನ್ನು ಗುರುತಿಸಲು ಒಂದು ಸೂತ್ರ ಇಟ್ಟಿತು. ಅಲ್ಲಿ ಓದು ಬರಹದ ಪರೀಕ್ಷೆ ತಕ್ಷಣ ರದ್ದು. ಸ್ಥಳೀಯ ಗುಮಾಸ್ತ ಹಟ ಹಿಡಿದರೆ ಕೇಂದ್ರದ ಅಧಿಕಾರಿಗಳೇ ಬಂದು ಹೆಸರು ಸೇರಿಸುತ್ತಾರೆ. ಎಲ್ಲಕ್ಕಿಂತ ಮುಖ್ಯವಾದದ್ದು 5ನೇ ವಿಧಿ. ಆ ಜಾಗಗಳಲ್ಲಿ ಚುನಾವಣೆಯ ಯಾವ ನಿಯಮ ಬದಲಿಸಬೇಕಾದರೂ ಮೊದಲೇ ಕೇಂದ್ರದ ಒಪ್ಪಿಗೆ ಬೇಕು. ಅಂದರೆ ತಾರತಮ್ಯವಿಲ್ಲ ಅಂತ ತೋರಿಸುವ ಹೊರೆ ರಾಜ್ಯದ ಮೇಲೆ ಬಿತ್ತು. ಇದಕ್ಕೆ ಮೊದಲು ಮಿಸಿಸಿಪ್ಪಿಯ ಅರ್ಹ ಕಪ್ಪು ಜನರಲ್ಲಿ ಪಟ್ಟಿಯಲ್ಲಿದ್ದವರು ಶೇ 6.7. 1967ರ ಹೊತ್ತಿಗೆ ಅದು ಶೇ 60ರ ಹತ್ತಿರ ಬಂತು. ತಲೆಗಂದಾಯ ರಾಷ್ಟ್ರೀಯ ಚುನಾವಣೆಗಳಲ್ಲಿ 1964ರ 24ನೇ ತಿದ್ದುಪಡಿಯಿಂದ ಹೋಯಿತು, ರಾಜ್ಯದ ಚುನಾವಣೆಗಳಲ್ಲಿ 1966ರ ಸುಪ್ರೀಂ ಕೋರ್ಟ್ ತೀರ್ಪಿನಿಂದ.

ಹಂದಿಮರಿಗಳ ಬ್ಯಾಂಕು

ಹೇಮರ್ ಕಥೆ ಹೇಳುವವರು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸುತ್ತಾರೆ. ನನ್ನ ಮಟ್ಟಿಗೆ ಅತಿ ಮುಖ್ಯವಾದ ಭಾಗ ಇನ್ನು ಮುಂದಿದೆ.

ಮತ ಬಂತು. ಅದೇ ಹೊತ್ತಿಗೆ ಹತ್ತಿ ಬಿಡಿಸುವ ಯಂತ್ರವೂ, ಕಳೆನಾಶಕವೂ ಡೆಲ್ಟಾವನ್ನು ತುಂಬಿಕೊಂಡವು. 1967ರಲ್ಲಿ ಕೃಷಿ ಕೂಲಿಗೂ ಕನಿಷ್ಠ ವೇತನ ಬಂದಾಗ, ಅದನ್ನು ಕೊಡುವ ಬದಲು ಧಣಿಗಳು ಆಳುಗಳನ್ನೇ ಬಿಡಿಸಿದರು. ತಲೆಮಾರುಗಳಿಂದ ಬೇಡ ಅಂದರೂ ಬಿಡದೆ ದುಡಿಸಿಕೊಂಡವರಿಗೆ ಈಗ ಈ ಜನರೇ ಬೇಡವಾದರು. ಕೈಯಲ್ಲಿ ಮತ ಇದೆ, ಒಲೆಯ ಮೇಲೆ ಏನೂ ಇಲ್ಲ. ಅದೇ ವರ್ಷ ಹೇಮರ್ ಅವರ ದತ್ತು ಮಗಳು ಡೊರೊತಿ ಜೀನ್ ತೀರಿಕೊಂಡಳು. ಅವಳು ಅಪೌಷ್ಟಿಕತೆಯಿಂದ ಸೊರಗಿದ್ದಳು. ಹತ್ತಿರದಲ್ಲಿ ಚಿಕಿತ್ಸೆ ಸಿಗದೆ ನೂರು ಮೈಲಿಗೂ ದೂರದ ಮೆಂಫಿಸ್‌ಗೆ ಕರೆದೊಯ್ಯಬೇಕಾಗಿತ್ತು.

1969ರಲ್ಲಿ ಹೇಮರ್ 40 ಎಕರೆಯಲ್ಲಿ ಫ್ರೀಡಂ ಫಾರ್ಮ್ ಅನ್ನುವ ಸಹಕಾರಿ ತೋಟ ಶುರು ಮಾಡಿದರು. ಮುಂದೆ ಅದು 600 ಎಕರೆ ದಾಟಿತು. ಒಂದಿಷ್ಟು ಜಾಗದಲ್ಲಿ ಹತ್ತಿ, ಸೋಯಾ ಬೆಳೆದು ಜಮೀನಿನ ಕಂತು ಕಟ್ಟುವುದು. ಇನ್ನೊಂದಿಷ್ಟರಲ್ಲಿ ಸೊಪ್ಪು, ಬೀನ್ಸ್, ಗೆಣಸು ಬೆಳೆದು ಹಸಿದವರಿಗೆ ಹಂಚುವುದು. ಜೊತೆಗೆ, ನ್ಯಾಷನಲ್ ಕೌನ್ಸಿಲ್ ಆಫ್ ನೀಗ್ರೋ ವಿಮೆನ್ ಸಹಾಯದಿಂದ ಹಂದಿಮರಿಗಳ ಬ್ಯಾಂಕು. ಒಂದು ಸಂಸಾರಕ್ಕೆ ಒಂದು ಹೆಣ್ಣು ಹಂದಿ ಕೊಡುತ್ತಾರೆ. ಅದು ಮರಿ ಹಾಕಿದ ಮೇಲೆ ಎರಡು ಮರಿ ಬ್ಯಾಂಕಿಗೆ ವಾಪಸು, ಮಿಕ್ಕವೆಲ್ಲ ಸಂಸಾರಕ್ಕೇ. ವಾಪಸು ಬಂದ ಮರಿಗಳು ಬೆಳೆದು ಮುಂದಿನ ಮನೆಗಳಿಗೆ ಹೋಗುತ್ತವೆ. ಬಡ್ಡಿಯಿಲ್ಲ, ಧಣಿಯಿಲ್ಲ, ಧಣಿಯ ಲೆಕ್ಕದ ಪುಸ್ತಕವಿಲ್ಲ.

ಮತಕ್ಕೂ ಹಂದಿಗೂ ಏನು ಸಂಬಂಧ? ಹಿತ್ತಿಲಲ್ಲಿ ಹಂದಿ ಇದ್ದು, ತೋಟದಲ್ಲಿ ಒಂದಿಷ್ಟು ತರಕಾರಿ ಇದ್ದರೆ ಮನೆಮಂದಿ ಉಣ್ಣಬಹುದು, ಆಗ ಯಾರೂ ನಿಮ್ಮನ್ನು ಆಟ ಆಡಿಸೋಕಾಗಲ್ಲ ಅಂತ ಹೇಮರ್ ಹೇಳುತ್ತಿದ್ದರು. ‘ನೀವು ಯಾರ ಹತ್ತಿರ ಕೆಲಸ ಮಾಡುತ್ತೀರಿ’ ಅನ್ನುವ ಅರ್ಜಿಯ ಪ್ರಶ್ನೆಗೆ ಇದೇ ಉತ್ತರ. ಆ ಪ್ರಶ್ನೆಯಲ್ಲಿ ವಿಷವಿದ್ದದ್ದೇ ಊಟ ಇನ್ನೊಬ್ಬನ ಕೈಯಲ್ಲಿದ್ದುದರಿಂದ. ಕಾನೂನು ಪರೀಕ್ಷೆಯನ್ನು ತೆಗೆಯಬಹುದು, ಅನ್ನದ ಬೆದರಿಕೆಯನ್ನು ತೆಗೆಯಲು ಅದರ ಕೈಲಾಗಲ್ಲ.

ತೋಟ ಉಳಿಯಲಿಲ್ಲ. ಬರ, ನೆರೆ, ಸಾಲ ಒಟ್ಟಿಗೆ ಬಂದವು. ಹೊರಗಿನ ದೇಣಿಗೆಯ ಮೇಲೆ ಅವಲಂಬನೆ ಜಾಸ್ತಿಯಿತ್ತು, ಹೇಮರ್ ಆರೋಗ್ಯವೂ ಕುಸಿಯುತ್ತಿತ್ತು. 1970ರ ದಶಕದ ಮಧ್ಯದಲ್ಲಿ ಜಮೀನು ಕೈಬಿಟ್ಟುಹೋಯಿತು. 1971ರಲ್ಲಿ ರಾಜ್ಯ ಸೆನೆಟ್‌ಗೆ ನಿಂತು ಸೋತರು. ಅದೇ ವರ್ಷ ಮಹಿಳೆಯರನ್ನು ರಾಜಕೀಯಕ್ಕೆ ತರುವ ನ್ಯಾಷನಲ್ ವಿಮೆನ್ಸ್ ಪೊಲಿಟಿಕಲ್ ಕಾಕಸ್ ಕಟ್ಟಿದವರಲ್ಲಿ ಅವರೂ ಒಬ್ಬರು. ಆದರೆ ಅಲ್ಲಿನ ಬಹಳ ಜನರಿಗೆ ವಿರುದ್ಧವಾಗಿ ಗರ್ಭಪಾತವನ್ನು ಕಡುವಾಗಿ ವಿರೋಧಿಸುತ್ತಿದ್ದರು. 1961ರಲ್ಲಿ ತಮಗೆ ಆದದ್ದನ್ನು ಅವರು ಮರೆತಿರಲಿಲ್ಲ. ಇವತ್ತಿನ ಯಾವ ಗುಂಪಿನ ಚೌಕಟ್ಟಿಗೂ ಹೇಮರ್ ಪೂರ್ತಿ ಹೊಂದಿಕೊಳ್ಳುವುದಿಲ್ಲ.

1977ರ ಮಾರ್ಚ್ 14ರಂದು, 59ನೇ ವಯಸ್ಸಿನಲ್ಲಿ, ಸ್ತನ ಕ್ಯಾನ್ಸರ್‌ನಿಂದ ತೀರಿಕೊಂಡರು. ಆಗ ವಿಶ್ವಸಂಸ್ಥೆಯಲ್ಲಿ ಅಮೆರಿಕದ ರಾಯಭಾರಿಯಾಗಿದ್ದ ಆಂಡ್ರ್ಯೂ ಯಂಗ್ ಬಂದು ಅಂತ್ಯಕ್ರಿಯೆಯಲ್ಲಿ ಮಾತಾಡಿದರು. 2025ರ ಜನವರಿಯಲ್ಲಿ ಅಧ್ಯಕ್ಷ ಬೈಡನ್ ಅವರಿಗೆ ಮರಣೋತ್ತರವಾಗಿ ದೇಶದ ಅತಿ ದೊಡ್ಡ ನಾಗರಿಕ ಪದಕ ಕೊಟ್ಟರು.

ಕಾನೂನಿನ ಗತಿ ಬೇರೆ. 2006ರಲ್ಲಿ ಮತದ ಹಕ್ಕಿನ ಕಾನೂನನ್ನು 25 ವರ್ಷ ಮುಂದುವರಿಸಿದಾಗ ಅದಕ್ಕೆ ಹೇಮರ್, ರೋಸಾ ಪಾರ್ಕ್ಸ್, ಕೊರೆಟಾ ಸ್ಕಾಟ್ ಕಿಂಗ್ ಎಂಬ ಮೂವರು ಹೋರಾಟಗಾರ್ತಿಯರ ಹೆಸರಿಟ್ಟರು. ಏಳೇ ವರ್ಷದಲ್ಲಿ, 2013ರ ಶೆಲ್ಬಿ ಕೌಂಟಿ ಕೇಸಿನಲ್ಲಿ, ಸುಪ್ರೀಂ ಕೋರ್ಟ್ ಜಾಗಗಳನ್ನು ಗುರುತಿಸುವ ಸೂತ್ರವನ್ನು ಹೊಡೆದುಹಾಕಿತು. ಪರಿಸ್ಥಿತಿ ಬದಲಾಗಿದೆ, ಸೂತ್ರ ಹಳೆಯದು ಅನ್ನುವುದು ಬಹುಮತದ ವಾದ. ಸೂತ್ರವಿಲ್ಲದೆ 5ನೇ ವಿಧಿ ಯಾರಿಗೂ ಅನ್ವಯಿಸದ ಹಾಗಾಯಿತು. ಈಗ ಒಂದು ನಿಯಮ ತಾರತಮ್ಯದ್ದು ಅನ್ನಿಸಿದರೆ, ಅದು ಜಾರಿಯಾದ ಮೇಲೆ ಬೇರೆಯವರು ಕೇಸು ಹಾಕಿ ಸಾಬೀತು ಮಾಡಬೇಕು.

ಆ ದಾರಿ ಎಷ್ಟು ನಿಧಾನ ಅಂತ ಹೇಮರ್‌ಗೆ ಸ್ವಂತ ಅನುಭವವಿತ್ತು. ಕಪ್ಪು ಜನರನ್ನು ಪಟ್ಟಿಯಿಂದ ಹೊರಗಿಟ್ಟು ನಡೆಸಲಿರುವ ಪುರಸಭೆ ಚುನಾವಣೆ ನಿಲ್ಲಿಸಿ ಅಂತ ಅವರು ಮತ್ತು ಇತರರು 1965ರ ಏಪ್ರಿಲ್‌ನಲ್ಲಿ ಕೇಸು ಹಾಕಿದರು. ಕೆಳಗಿನ ಕೋರ್ಟು ಒಪ್ಪಲಿಲ್ಲ, ಚುನಾವಣೆ ನಡೆದುಹೋಯಿತು. ಮೇಲಿನ ಕೋರ್ಟು 1966ರ ಮಾರ್ಚ್‌ನಲ್ಲಿ ಹೇಮರ್ ಪರ ತೀರ್ಪು ಕೊಟ್ಟಿತು. ಸನ್‌ಫ್ಲವರ್ ಪಟ್ಟಣದಲ್ಲಿ ಮರುಚುನಾವಣೆ ನಡೆದದ್ದು 1967ರ ಮೇ ತಿಂಗಳಲ್ಲಿ. ಅಷ್ಟೂ ದಿನ ಅಧಿಕಾರದಲ್ಲಿದ್ದವರು ಆ ಹಳೇ ಚುನಾವಣೆಯಲ್ಲಿ ಗೆದ್ದವರೇ. ಮರುಚುನಾವಣೆಯಲ್ಲಿ ನಿಂತ ಕಪ್ಪು ಅಭ್ಯರ್ಥಿಗಳು ಸೋತರು.